ಸೈಮಿಯ ಎಡಭುಜ

ರಾತ್ರಿಯಿಡೀ ರಸ್ತೆಯ ಹಿಮ ಗೋರುವ ಲಾರಿ ನನ್ನದು,
ಭಾನುವಾರ ಬೆಳಗ್ಗೆ ಕ್ಯಾಮೆರಾ.
ಈಸಲ್ಮಿಯ ಆಚೆ, ಕುದುರೆ ಸವಾರಿಯ ಹಳೇ ಶೆಡ್ಡಿನಲ್ಲಿ
ಓಟ್ಸ್ ತುಂಬಿದ ಪೆಟ್ಟಿಗೆಯ ಮೇಲೆ ನಿಂತು
ಒಂದು ಕೈಗವಸು ಬಿಚ್ಚಿ ಫೋನು ಹಿಡಿಯುತ್ತೇನೆ.
ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಒಳಗೂ ಅಂಥಾ ಬೆಚ್ಚಗೇನಿಲ್ಲ.

ಮೊದಮೊದಲು ಬೈಸಿಕೊಂಡೆ.
"ಇದೇನಿದು, ಬರೀ ನಾನೇ? ನಾಯಿ ಎಲ್ಲಿ?"
ಮೂವತ್ತೊಂದು ವರ್ಷದ ರೂಢಿ, ಸೈಮಿ,
ನೀನು ಹೋದತ್ತ ಕಣ್ಣು ಹೋಗುತ್ತದೆ,
ಎನ್ನಬೇಕೆಂದಿದ್ದೆ. ಅನ್ನಲಿಲ್ಲ.
ನಮ್ಮ ಕಡೆ ಅಂಥ ಮಾತು ಯಾರೂ ಆಡುವುದಿಲ್ಲ.
ಹಿಂದೆ ಸರಿದೆ, ಪೆಟ್ಟಿಗೆ ಹತ್ತಿದೆ.
ಈಗ ಇಬ್ಬರೂ ಹಿಡಿಸುತ್ತಾರೆ:
ನೀಲಿ ಜಾಕೆಟ್ಟಿನ ಅವಳು, ಕಂದು ಮೈಯ ಪಿಹ್ಕಾ.
ಪೈನ್ ಮರದ ಅಂಟಿಗೆ ನಾವು ಹಾಗೆನ್ನುವುದು.

ಏಳನೇ ಅಡ್ಡಪಟ್ಟಿ ಹಾರಿ ಬಲಕ್ಕೆ ಹೊರಳಬೇಕು.
ಪಿಹ್ಕಾ ಪ್ರತಿ ಸಲ ಎಡಕ್ಕೆ, ಸುರಂಗದ ಬಾಯಿಗೆ.
ಹಟಮಾರಿ, ಅಂದಳು ಸೈಮಿ. ಕಿವುಡಿ, ಅಂದಳು.
ಮರಳು ಜಾರುತ್ತದೆ, ದೀಪ ಕಣ್ಣಿಗೆ ಹೊಡೆಯುತ್ತದೆ,
ಯಾರೋ ಕಾಫಿ ಲೋಟ ಬೀಳಿಸಿದರು.
ಕುಣಿಯಲು ಬಾರದಾಗ
ನೆಲ ಎಷ್ಟೊಂದು ಬಗೆಯಲ್ಲಿ ಡೊಂಕು!

ಮನೆಗೆ ಬಂದು, ಬೂಟು ಬಿಚ್ಚುವ ಮೊದಲೇ
ಸಕ್ಕರೆ ಡಬ್ಬಿಗೆ ಫೋನು ಒರಗಿಸಿ
ಓಡಿಸಿದೆವು. ನಿಲ್ಲಿಸಿದೆವು. ಬೆರಳಲ್ಲಿ ಹಿಂದಕ್ಕೆಳೆದೆವು.
ಪಿಹ್ಕಾ ಹಾರಿದ ಪಟ್ಟಿಗಳನ್ನೆಲ್ಲ ಹಿಮ್ಮುಖ ಹಾರಿ
ಹೊರಟಲ್ಲೇ ಬಂದು ಕೂತಳು. ಮತ್ತೆ ಹೊರಟಳು.
ಸದ್ದು ಆರಿಸು, ಅಂದೆ.
ಆರಿದ ಮೇಲೆ ಕಂಡಿತು:

ಬಲ, ಬಲ, ಎಂದು ಬಾಯಿ ತೆರೆದಿದೆ,
ಬಲಗೈ ಚಾಚಿದೆ, ಎಲ್ಲ ಸರಿ;
ಎಡಭುಜ ಮಾತ್ರ, ನಾಯಿ ನೆಲ ಬಿಡುವ ಮುಂಚೆಯೇ,
ಅರ್ಧ ಗೇಣು ಸುರಂಗದತ್ತ ತಿರುಗಿದೆ.
ಬೂಟಿನ ಮೂತಿಯೂ ಅತ್ತಲೇ.
ಎಲ್ಲಿಗೆ ಹೋಗಬಾರದೋ ಅಲ್ಲಿಗೇ ವಾಲುವ ಭಯ.
ಬಾಯಿ ಹೇಳಿದ್ದೊಂದು, ಭುಜ ಹೇಳಿದ್ದೊಂದು;
ನಾಯಿ ಭುಜವನ್ನು ನಂಬಿತ್ತು.

ಸೈಮಿ ಏನೂ ಅನ್ನಲಿಲ್ಲ.
ಫ್ರಿಜ್ಜಿನಿಂದ ಸಾಸೇಜು ತೆಗೆದು, ಮುರಿದು ಮುರಿದು
ಮೇಜಿನ ಕೆಳಗೆ ಕೈ ಚಾಚಿದಳು.
ನಾನು ಕಾಫಿಗೆ ನೀರಿಟ್ಟೆ.
ಮೂವತ್ತೊಂದು ವರ್ಷ ನನ್ನ ಭುಜ ಏನೇನು ಹೇಳಿತೋ,
ಯಾರೂ ಹಿಡಿದಿಟ್ಟಿಲ್ಲ, ಪುಣ್ಯ.

ಆರು ವಾರ. ಹಿತ್ತಲ ಹಿಮದಲ್ಲಿ ಬಕೆಟ್ಟು ಸಾಲಿಟ್ಟು
ನಾಯಿಯಿಲ್ಲದೆ ಒಬ್ಬಳೇ ಓಡಿದಳು, ಹೊರಳಿದಳು.
ಪಕ್ಕದ ಮನೆಯ ತೆರ್ಹೋ ಪರದೆ ಸರಿಸಿ ನೋಡಿ
ಏನೂ ಕೇಳದೆ ಮತ್ತೆ ಮುಚ್ಚಿದ.
ಪಿಹ್ಕಾ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು,
ಮೇಷ್ಟರ ಹಾಗೆ.

ಮಾರ್ಚಿನಲ್ಲಿ ಕುವೋಪಿಯೋ, ಸ್ಪರ್ಧೆ.
ಒಂದು ಪಟ್ಟಿಯೂ ಬೀಳಲಿಲ್ಲ. ಹನ್ನೆರಡು ಕೋಲುಗಳ ನಡುವೆ
ಪಿಹ್ಕಾ ಲಾಳಿಯಂತೆ ನುಸುಳಿದಳು.
ಅಲ್ಲೂ ಅಂಥದ್ದೇ ತಿರುವು, ಬಾಯಿ ತೆರೆದ ಸುರಂಗ;
ಹೊರಳಿದರು, ಇಬ್ಬರೂ,
ಒಂದೇ ಕೀಲಿಗೆ ತಿರುಗುವ ಬಾಗಿಲಿನಂತೆ.
ನಾನು ಕೂಗಿಬಿಟ್ಟೆ. ನಮ್ಮ ಕಡೆ ಯಾರೂ ಕೂಗುವುದಿಲ್ಲ.

ಕಾರಿನಲ್ಲಿ ಕೂತು ಫೋನು ತೆರೆದರೆ
ಓಟವೇ ಇಲ್ಲ.
ಶುರುವೆಂದು ಒತ್ತಿದ್ದು ನಿಂತು,
ಮುಗಿಯಿತೆಂದು ಒತ್ತಿದ್ದು ಶುರುವಾಗಿ,
ಆಮೇಲೆಲ್ಲ ಜೇಬಿನ ಕತ್ತಲು, ನನ್ನ ಬೂಟಿನ ಸದ್ದು.
ಮೊದಲಿನ ತುಣುಕಿನಲ್ಲಿ, ನಲವತ್ತು ಸೆಕೆಂಡು,
ಸರದಿಗೆ ಕಾದು ನಿಂತ ಅವಳು ಮತ್ತು ನಾಯಿ.

ಬೈಗುಳಕ್ಕೆ ಕಾದೆ.
"ಇಲ್ಲಿ ನೋಡು," ಅಂದಳು. "ಉಸಿರೆಳೆದುಕೊಂಡೆ, ಅಷ್ಟೇ.
ಇವಳ ಕಿವಿ ನೋಡು."
ಹಿಂದಕ್ಕೆಳೆದಳು. ಭುಜ ಒಂದು ಕೂದಲೆಳೆ ಏರುತ್ತದೆ,
ಕಿವಿ ನಿಮಿರುತ್ತದೆ.
ಮತ್ತೆ ಎಳೆದಳು. ಏರುತ್ತದೆ. ನಿಮಿರುತ್ತದೆ.
ಗಾಜಿನ ಮಂಜು ಕರಗುವವರೆಗೂ
ಗೇರು ಹಾಕದೆ ಕೂತೆ.
ಹಿಂದಿನ ಸೀಟಿನಲ್ಲಿ ಪಿಹ್ಕಾ
ನನ್ನ ಕೈಗವಸು ಅಗಿಯುತ್ತಿದ್ದಳು.