ಕರ್ಚೀಫಿನ ಗಂಟು

ಆಪರೇಷನ್ ಕೋಣಿ ಬಾಗಿಲ ಈಚೆ ನನ್ನ ಸ್ಟೂಲು.
ಹತ್ತೊಂಬತ್ತು ವರ್ಷ ಆತು, ಸೂಗಮ್ಮ ಅಂದ್ರ ಇಷ್ಟ:
ಒಳಗ ಹೋಗೋರ ಮೈಮ್ಯಾಲಿಂದು ಎಲ್ಲಾ ಬಿಚ್ಚಿಸಿ
ಕರ್ಚೀಫಿನ್ಯಾಗ ಗಂಟು ಕಟ್ಟಿ
ಹೊರಗ ನಿಂತೋರ ಕೈಗೆ ಕೊಡಾಕಿ.

ಸೀರಿ ಬಿಚ್ಚು ಅಂದ್ರ ಬಿಚ್ಚತಾರ.
ಬೆನ್ನಿಗೆ ಲಾಡಿ ಕಟ್ಟೋ ಹಸಿರು ಅಂಗಿ ತೊಡತಾರ.
ಸೂಜಿಗೆ ಕೈ ಕೊಡತಾರ.
ಕಿವಿಗೆ ಕೈ ಹಾಕಿದೆ ಅಂದ್ರ ಮಾತ್ರ
"ಇದೊಂದು ಇರಲಿ ಬಿಡವ್ವ" ಅಂತಾರ.

ಯಾಕ?
ಬಂಗಾರ ಅಂತ ಅಲ್ಲ, ಅದು ನನಗ ಗೊತ್ತು.
ನಾ ಬಿಚ್ಚಿದ್ದರಾಗ ಮುಕ್ಕಾಲುಪಾಲು ಒಂದು ಗ್ರಾಮಿಂದು,
ಬೆವರು ಕುಡದು ಒಳಗಿನ ತಾಮ್ರ ಹಲ್ಲು ಕಿಸದದ್ದು.
ತಿರುಪು ಕಳದು ದಾರ ಸುತ್ತಿದ ಓಲಿ,
ಹಳ್ಳು ಉದುರಿ ಅಂಟಿನ ಕಲಿ ಉಳದ ಉಂಗುರ.

ದೇವದುರ್ಗದ ಕಡಿಯಾಕಿ ಒಬ್ಬಾಕಿ,
ಕೈಗೆ ಹನ್ನೆರಡು ಚುಕ್ಕಿಬಳಿ, ಮಣಿಕಟ್ಟಿಗೆ ಬಿಗಿ.
ಬಟ್ಟಿ ಮುಚ್ಚಿ ಒಡೀಲೇನು ಅಂದೆ.
ಬ್ಯಾಡ ಅಂದ್ಲು. ಸಬಕಾರದ ನೀರು ತಂದೆ.
ಒಂದೊಂದ ಜಾರಿಸ್ತಾ ಕುಂತೆ, ಆಕಿ ಗ್ವಾಡಿ ನೋಡ್ತಾ ಅಂದ್ಲು:
"ನಮ್ಮೂರ ಸಂತಿಗೆ ಬಳಿಗಾರ ಖಾಜಾಬಿ ಬರತಾಳ.
ನನ್ನ ಕೈ ಹಿಂಡಿ, ನೀವಿ, ತೊಡಿ ಮ್ಯಾಲಿಟಗೊಂಡು ಏರಸತಾಳ.
ಆಕಿ ಬಿಟ್ರ ಈ ಕೈನ
ಯಾರೂ ಅಷ್ಟೊತ್ತು ಹಿಡದಿಲ್ಲ ನೋಡವ್ವ."
ಹನ್ನೊಂದು ಬಂದವು. ಒಂದು ಒಡೀತು.
ಆ ಚೂರೂ ಗಂಟಿನ್ಯಾಗ ಹಾಕಿಸಿದ್ಲು.

ಹಟ್ಟಿ ಗಣಿಯಾಂವ ಒಬ್ಬ, ಹುಲಗಪ್ಪ, ಕಾಲು ಜಜ್ಜಿತ್ತು.
ಲಾರಿ ಲಾರಿ ಕಲ್ಲು ಒಡದು ಚಿಟಿಕಿ ಬಂಗಾರ ತೆಗಿಯೋ ಊರಾಂವ,
ಮೈಮ್ಯಾಲೆ ಗುಂಜಿ ಬಂಗಾರಿಲ್ಲ.
ಕೊರಳಾಗ ತಗಡಿನ ತಾಯತ.
"ಕೆಳಗ ಎಲ್ಲಾರ ಮಾರೀನೂ ಒಂದ, ಧೂಳ ಮಾರಿ.
ಬಗ್ಗಿದಾಗ ಇದು ಅಂಗಿ ಗುಂಡಿಗೆ ಬಡದು ಟಿಣ್ ಅಂತದ.
ಆಗ ಮನಿ ನೆನಪಾಗತದ."
ಕೈಯಾಗ ಹಿಡದು ಅಲ್ಲಾಡಿಸಿದೆ.
ಅಂದದ್ದು ಖರೇನ.

ಕಾಲೇಜಿನ ಹುಡುಗ, ಅಪೆಂಡಿಕ್ಸು,
ಎಡಗಿವ್ಯಾಗ ಕರಿ ಟಿಕ್ಕಿ.
ಅಪ್ಪಗ ಗೊತ್ತಾಗಿದ್ದ ಅವತ್ತು, ನನ್ನ ಅಂಗೈಯಾಗ.
"ಹೆಣಮಗಳೇನಲೇ ನೀ?" ಅಂತ ಒದರತಿದ್ದ.
ನಾ ಆತನ ಕಿವಿ ನೋಡಿದೆ:
ಹಾಲಿಯ ನಡುವ ಸಣ್ಣ ಚುಕ್ಕಿ, ಮುಚ್ಚಿಹೋದ ತೂತು.
ಯಾವ ಮುರುವಿತ್ತೋ, ಯಾರು ಚುಚ್ಚಿಸಿದ್ದರೋ.
ನಾ ನೋಡಿದ್ದು ನೋಡಿ
ಕಿವಿ ಮುಟ್ಟಿಕೊಂಡ. ಸುಮ್ಮಾದ.

ಇನ್ನೊಂದು ಹೇಳತೀನಿ, ಡಾಕ್ಟರಿಗೆ ಗೊತ್ತಿಲ್ಲದ್ದು.
ಬಳಿ ತೆಗದ ಜಾಗಾ ನೋಡ್ರಿ.
ರಾಯಚೂರ ಬಿಸಿಲಿಗೆ ಮೈಯೆಲ್ಲಾ ಸುಟ್ಟಿರತದ,
ಅಲ್ಲೊಂದು ಬೆರಳಗಲ
ಹುಟ್ಟಿದಾಗಿನ ಬಣ್ಣ ಹಂಗ ಕುಂತಿರತದ.
ಮೊದಮೊದಲು ಅದರ ಮ್ಯಾಲೆ ಬೆರಳಾಡಸತಿದ್ದೆ.
ಈಗ ನೋಡಿ ಬಿಡತೀನಿ.

ತಿಮ್ಮವ್ವ ಅಂತ ಎಂಬತ್ತರ ಮುದುಕಿ.
ಮೂಗುಬಟ್ಟು ಎಳದರ ಬರವಲ್ದು, ಚರ್ಮ ಅಪ್ಪಿಬಿಟ್ಟಿತ್ತು.
ಬಿಳಿ ಟೇಪು ಹಚ್ಚಿ ಒಳಗ ಕಳಿಸಿದೆ.
ಎಚ್ಚರಾದಾಗ ನೀರು ಕೇಳಲಿಲ್ಲ, ಮಗನ್ನ ಕೇಳಲಿಲ್ಲ.
ಕೈ ಮೂಗಿಗೆ ಹೋತು, ಟೇಪು ಸವರಿತು.
"ಅದೇನು?"
"ಅದ, ಯವ್ವ."
"ಹಂಗಾರ ನಾನೂ ಅದೀನಿ" ಅಂದು ಮತ್ತ ಮಲಗಿದ್ಲು.

ಕಪಾಟಿನ್ಯಾಗ ಒಂದು ಗಂಟು ಹಂಗ ಉಳದದ,
ಆರು ವರ್ಷದ್ದು. ಕಾಲುಂಗರ ಎರಡು, ಪಿನ್ನು ಒಂದು.
ಕೇಳಾಕ ಯಾರೂ ಬಂದಿಲ್ಲ.
ಧೂಳು ಹೊಡದು ಮತ್ತ ಅಲ್ಲೇ ಇಡತೀನಿ.

ನನ್ನ ಕೈಗೂ ಇಲ್ಲಿ ಏನೂ ಹಾಕಂಗಿಲ್ಲ, ಅದು ಕಾಯ್ದೆ.
ಮನ್ಯಾಗಂತೂ, ಆತ ಹೋದಮ್ಯಾಲೆ, ಅದು ಬ್ಯಾರೆ ಕಾಯ್ದೆ.
ಹ್ವಾದ ತಿಂಗಳು ಪಗಾರದ ದಿನ
ತೀನ್ ಕಂದೀಲ್ ಹತ್ರ ತಳ್ಳುಗಾಡಿ ಮುಂದ ನಿಂತೆ.
ಕೆಂಪು ಹಳ್ಳಿನ ಜುಮಕಿ, ನಲವತ್ತು ಅಂದ, ಮೂವತ್ತಕ್ಕ ಕೊಟ್ಟ.
ಯಾರಿಗೆ ಅಂತ ಕೇಳಿದ. ಮಗಳಿಗೆ ಅಂದೆ.
ಮಗಳಿಲ್ಲ ನನಗ.

ರಾತ್ರಿ ಬಾಗಿಲ ಹಾಕಿ, ಹಾಕ್ಕೊಂಡು, ಭಾಂಡೆ ತಿಕ್ಕತೀನಿ.
ತಲಿ ಅಲ್ಲಾಡಿದಾಗೊಮ್ಮೆ
ಕೆನ್ನಿಗೆ ತಣ್ಣಗ ತಾಗತಾವು.
ಒಂದು ತಾಟು ಎರಡೆರಡು ಸಲ ತಿಕ್ಕತೀನಿ.