ಗಾಡಿ ಒಪ್ಪಿಸುವಾಗ ಹೊಲಿಗೆಯವನು ಹೇಳಿದ್ದು

ಪದ್ಮರಾಜಯ್ಯನವರೇ, ಕೀಲಿ ಆಮೇಲೆ ಕೊಡ್ತೀನಿ,
ಮೊದಲು ಒಳಗೆ ಬಂದು ತಲೆ ಎತ್ತಿ ನೋಡಿ.
ಬ್ರಾಹ್ಮಿಲಮ್ಮ, ನೀವೂ ಬನ್ನಿ.
ಓಡಿಸೋದು ನೀವೇ ಅಂತ ಫೈರೋಜ ಹೇಳಿದ.

ಇಂಜಿನ್ನು ಅವನದು, ಮರಗೆಲಸ ಈರಾಚಾರಿದು.
ನನ್ನದು ಇಷ್ಟೇ,
ಗಾಡಿಗೂ ಅದರ ಟೋಪಿಗೂ ನಡುವಿನ ಮೂರಡಿ ಬಟ್ಟೆ.
ಮೂವತ್ತು ವರ್ಷ ಹೊಳೆನರಸೀಪುರ ರಸ್ತೆಯಲ್ಲಿ
ಆಟೋ ಸೀಟು, ಲಾರಿ ಟಾರ್ಪಾಲು, ಆಲೂಗಡ್ಡೆ ಮಂಡಿಯ ಪರದೆ.
ಎದ್ದು ನಿಲ್ಲೋ ಬಟ್ಟೆ
ಹೊಲಿದದ್ದು ಇದೇ ಮೊದಲು.

ಎತ್ತುವಾಗ, ಇಳಿಸುವಾಗ, ಹಿಂದಿನ ಬಾಗಿಲು ಚೂರು ತೆರೆದಿರಲಿ.
ಒಳಗಿನ ಗಾಳಿಗೂ ದಾರಿ ಬೇಕಲ್ಲ,
ಇಲ್ಲದಿದ್ದರೆ ಬಟ್ಟೆ ಕೆನ್ನೆ ಉಬ್ಬಿಸಿ ಹೊರಗೆ ಸಿಕ್ಕಿಕೊಳ್ಳುತ್ತೆ.
ಸುತ್ತ ಎಲಾಸ್ಟಿಕ್ ಕೊಟ್ಟಿದ್ದೀನಿ, ಅದನ್ನು ಪೂರ್ತಿ ನಂಬಬೇಡಿ,
ಕೈಯಲ್ಲೇ ಒಳಕ್ಕೆ ತಳ್ಳಿ, ಸೀರೆ ನೆರಿಗೆ ಹಿಡಿದ ಹಾಗೆ.
ಸಾರ್ ಕಲೀಲಿ. ಅರವತ್ತೆರಡೇನು ದೊಡ್ಡ ವಯಸ್ಸಲ್ಲ.

ಎತ್ತಿದ ಕೂಡಲೇ
ಈ ಕೆಂಪು ರಿಬ್ಬನ್ ಸ್ಟೀರಿಂಗಿಗೆ ಕಟ್ಟಿ.
ಟ್ರಯಲ್ ದಿನ ಫೈರೋಜ ಟೋಪಿ ಏರಿಸಿಕೊಂಡೇ
ಪೆಟ್ರೋಲ್ ಬಂಕಿಗೆ ಹೊರಟಿದ್ದ.
ಎಳನೀರಿನವಳು ಕೂಗಿದ್ದಕ್ಕೆ ಉಳೀತು.
ಇಳಿಸಿದಾಗ ಏಳಡಿ ಎರಡಿಂಚು, ಕನ್ನಡಿ ಪಕ್ಕ ಚೀಟಿ ಅಂಟಿಸಿದ್ದೀನಿ.
ರೈಲ್ವೆ ಕೆಳಸೇತುವೆ ಬಂದಾಗ ಚೀಟಿ ಓದಿ.
ನೀವು ತಲೆ ಬಗ್ಗಿಸಿದರೆ ಗಾಡಿ ಬಗ್ಗಲ್ಲ.

ಜಾಗ ಸಮ ಇದೆಯೋ ನೋಡೋಕೆ
ನೆಲದ ಮೇಲೊಂದು ನಿಂಬೆಹಣ್ಣು ಬಿಡಿ.
ಉರುಳಿದ ಕಡೆಗೆ ಕಾಲು.
ಸೀಗೆಗುಡ್ಡದ ಮೇಲೆ, ಆಷಾಢದಲ್ಲಿ, ಎತ್ತಲೇಬೇಡಿ.
ಬೇರೆ ದಿನ ಗಾಳಿಗೆ ಮೂತಿ ಕೊಟ್ಟು ನಿಲ್ಲಿಸಿ.
ಹಸು ನೋಡಿ ಕಲಿಯಬೇಡಿ, ಅದು ಬೆನ್ನು ಕೊಡುತ್ತೆ.

ದೀಪ ಹಚ್ಚೋ ಮುಂಚೆ ಊಟ ಮುಗಿಸೋ ಮನೆಯವರು ನೀವು,
ರಾತ್ರಿ ಒಲೆ ಬಗ್ಗೆ ನಾನು ಹೇಳೋದೇನಿಲ್ಲ.
ಬೆಳಗಿನ ಹಾಲು ಮಾತ್ರ ಹೊರಗೇ ಕಾಯಿಸಿ.
ಆಲೂರು ದಾಟಿದರೆ ಹಲಸಿನಹಣ್ಣು ಒಳಗಿಡಬೇಡಿ.
ಆನೆ ಬಾಗಿಲು ಹುಡುಕಲ್ಲ.

ಒದ್ದೆ ಬಟ್ಟೆ ಮಡಿಸಬೇಡಿ.
ಮಡಿಸಲೇಬೇಕಾಯ್ತು ಅಂದ್ಕೊಳ್ಳಿ,
ಮನೆ ಸೇರಿದ ತಕ್ಷಣ, ಕೈಕಾಲು ತೊಳೆಯೋ ಮುಂಚೆ, ಎತ್ತಿ ಒಣಗಿಸಿ.
ಬೂಷ್ಟು ಹಿಡಿದರೆ ಯಾವ ಸೋಪಿನ ಮಾತೂ ಕೇಳಲ್ಲ.
ಮಳೆ ಇಲ್ಲದೆಯೂ ಒದ್ದೆಯಾಗುತ್ತೆ,
ಇಬ್ಬರ ಉಸಿರು ಸಾಕು.
ಜಿಪ್ಪು ನಾಲ್ಕು ಬೆರಳು ತೆಗೆದಿಟ್ಟು ಮಲಗಿ.

ನಿನಗೆ ಹೇಗಪ್ಪ ಗೊತ್ತು ಅಂತೀರಾ?
ತಪ್ಪಾಯ್ತು ಸಾರ್, ನಿಮ್ಮನ್ನು ಕೇಳಲಿಲ್ಲ.
ಹೋದ ಶುಕ್ರವಾರ ಶೆಡ್ಡಿನ ಅಂಗಳದಲ್ಲೇ ಎತ್ತಿ
ಮೇಲಿನ ಹಲಗೆ ಮೇಲೆ ಮಲಗಿದ್ದೆವು,
ನಾನು, ನಮ್ಮ ಖುರ್ಷಿದಾ.
ಇಷ್ಟು ವರ್ಷ ಹೊಲಿದೆ,
ಹೊಲಿದದ್ದರ ಒಳಗೆ ಒಂದು ರಾತ್ರಿ ಕಳೆದಿರಲಿಲ್ಲ.
ಬೈಪಾಸಿನ ಲಾರಿ ಬೆಳಕು
ಎಡದಿಂದ ಬಲಕ್ಕೆ ಹಾಯ್ದಾಗಲೆಲ್ಲ
ಸೂಜಿ ತೂತುಗಳು ಸಾಲಾಗಿ ಮಿಣಕ್ ಅಂದವು.
ಅವಳು ಎಣಿಸ್ತಾ ಹೋದಳು.
ನಲವತ್ತಕ್ಕೋ ಏನೋ ನಿಲ್ಲಿಸಿ,
ಇಲ್ಲಿ ಓರೆ, ಅಂತ ಬೆರಳಿಟ್ಟಳು.
ಬೆಳಿಗ್ಗೆ ಬಿಚ್ಚಿ ಮತ್ತೆ ಹೊಲಿದೆ.
ಈಗ ನೀವು ಹುಡುಕಿದರೂ ಸಿಗಲ್ಲ.

ಆ ತೂತುಗಳಿಂದ ಮೊದಲ ಮಳೆಗೆ ಸೋರುತ್ತೆ.
ಗಾಬರಿಯಾಗಿ ಫೋನ್ ಮಾಡಬೇಡಿ, ಪಾತ್ರೆ ಇಡಿ.
ಹತ್ತಿ ನೂಲು ನೀರು ಕುಡಿದು ಊದಿಕೊಂಡ ಮೇಲೆ
ತನ್ನ ತೂತು ತಾನೇ ಮುಚ್ಚಿಕೊಳ್ಳುತ್ತೆ.
ಎರಡನೇ ಮಳೆಗೆ ಫೋನ್ ಮಾಡಿ,
ಸೋರಲಿಲ್ಲ ಅಂತ.
ಖುರ್ಷಿದಾಗೆ ಕೇಳಿಸಬೇಕು.

ತಗೊಳ್ಳಿ ಕೀಲಿ. ಹೋಗಿ ಬನ್ನಿ.

ಅಮ್ಮಾ, ಅಮ್ಮಾ, ನಿಲ್ಲಿಸಿ!
ಟೋಪಿ ಇನ್ನೂ ಮೇಲೇ ಇದೆ,
ರಿಬ್ಬನ್ ನೋಡಿ, ನನ್ನ ಕೈಯಲ್ಲೇ.