ಮೊದಲ ನೆಲ

ಮಿಯೊ, ನಿನ್ನ ಅಂಗಾಲು ಮೊದಲು ಮುಟ್ಟಿದ್ದು
ಮಣ್ಣನ್ನಲ್ಲ, ಚಾಪೆಯನ್ನಲ್ಲ.
ಹುಟ್ಟಿ ಇಪ್ಪತ್ತಾರು ದಿನ. ಹೊಸವರ್ಷದ ನಾಲ್ಕನೆಯ ಬೆಳಗು.
ಊರ ಮುಖಂಡನ ಅಂಗಳ ಗುಡಿಸಿ
ಹಲಗೆ ಇಟ್ಟಿದ್ದರು, ಹಲಗೆಯ ನಡುವೆ ಹಿತ್ತಾಳೆ.
ಗುಮಾಸ್ತ ಓದಿದ: ಸಕುಜೊ, ಹೆಂಡತಿ ಸುಯೆ, ಕೂಸು ಒಂದು.
ಕೂಸಿನದ್ದೂ ಬೇಕೆ, ಎಂದೆ.
ಪಟ್ಟಿಯಲ್ಲಿದೆಯಲ್ಲ, ಎಂದ.
ಕೆಟ್ಟವನೇನಲ್ಲ; ಅವನಿಗೆ ನೆಗಡಿಯಾಗಿತ್ತು.

ಬಟ್ಟೆ ಸರಿಸಿ ನಿನ್ನ ಕಾಲನ್ನು ನಾನೇ ಒತ್ತಿದೆ.
ಹಿತ್ತಾಳೆ ಕೊರೆಯುತ್ತಿತ್ತು. ನೀನು ಬೆರಳು ಮಡಚಿಕೊಂಡೆ
ಏನನ್ನೋ ಹಿಡಿದುಕೊಂಡ ಹಾಗೆ.
ಆ ಮುಖಕ್ಕೆ ಮೂಗು ಉಳಿದಿರಲಿಲ್ಲ,
ಅಜ್ಜ ಮುತ್ತಜ್ಜಂದಿರ ಕಾಲಿಗೆ ಸವೆದು
ಅಲೆ ನೆಕ್ಕಿದ ಕಲ್ಲಿನಷ್ಟು ನುಣುಪು.
ನಮಗಿದ್ದ ಒಂದೇ ಪಟ ಅದು, ಮಗಳೇ.
ಸರ್ಕಾರವೇ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡಿ
ವರ್ಷಕ್ಕೊಮ್ಮೆ ತಂದು ತೋರಿಸುವ ಪಟ.

ರಾತ್ರಿ ನಿನ್ನಪ್ಪ ಕದ ಹಾಕಿ
ಮೂವರ ಕಾಲೂ ಒಂದೇ ಬೋಗುಣಿಯಲ್ಲಿ ತೊಳೆದ.
ನೀರು ಚೆಲ್ಲಲಿಲ್ಲ.
ಒಂದೊಂದು ಗುಟುಕು ಕುಡಿದೆವು; ನಿನ್ನ ತುಟಿಗೆ ಒಂದು ಹನಿ.
ಆಮೇಲೆ ಇಸಬೆರಿನಾ ಎಂದು ನಿನ್ನ ಕಿವಿಯಲ್ಲಿ ಹೇಳಿದ.
ಯಾವ ಭಾಷೆಯದೋ, ಯಾರು ಬಿಟ್ಟುಹೋದ ಹೆಸರೋ.

ಅಜ್ಜಿ ಕಲಿಸಿದ ಪ್ರಾರ್ಥನೆಯೂ ಹಾಗೇ,
ಅರ್ಥ ಎಂದೋ ಉದುರಿ ಸದ್ದಷ್ಟೇ ಇದೆ.
ಗರಸ, ಗರಸ, ಅನ್ನುತ್ತೇವೆ ಭತ್ತ ಕುಟ್ಟುವಾಗ,
ಒನಕೆಯ ಏಟಿಗೆ ಹೊಂದಿಸಿ.
ಮರೆತದ್ದಲ್ಲ, ಮರೆ ಮಾಡಿದ್ದು
ಎಂದುಕೊಳ್ಳುತ್ತೇನೆ. ಕೆಲವು ದಿನ ಎರಡೂ ಒಂದೇ.

ಅರ್ಥ ಬಲ್ಲವರು ಸಮುದ್ರದ ಆಚೆ ಇರಬಹುದು.
ಆ ಸಮುದ್ರಕ್ಕೂ ಬೀಗ.
ನಿನ್ನ ಸೋದರಮಾವ ತೊರಾಜಿ ಬೊಂಡಾಸ ಹಿಡಿಯಲು ಹೋಗಿ
ಗಾಳಿಗೆ ಸಿಕ್ಕು ಒಂಬತ್ತು ವರ್ಷ.
ಯಾವುದಾದರೂ ದಡ ಸೇರಿದ್ದರೆ ಅಲ್ಲೇ ಇರಲಿ,
ತಪ್ಪಿಯೂ ಇತ್ತ ಬಾರದಿರಲಿ.
ಆಚೆ ಹೋಗಿಬಂದವನ ಕತ್ತು ಇಲ್ಲಿ ನಿಲ್ಲುವುದಿಲ್ಲ.
ತಂಗಿ ಅಣ್ಣನಿಗಾಗಿ ಬೇಡುವುದು ನೋಡು ಇದು.

ನಾಳೆ ನಿನ್ನ ಕಾಲಲ್ಲಿ ನೀನೇ ನಡೆಯಬೇಕು.
ನಿಧಾನಿಸಬೇಡ, ಓಡಲೂ ಬೇಡ.
ಅಳು ಬಂದರೆ ಚಳಿ ಅನ್ನು.
ನಿನ್ನೆ ಹೊದಿಕೆಯೊಳಗಿಂದ ಕೇಳಿದೆಯಲ್ಲ,
ಅಮ್ಮಾ, ತುಳಿದರೆ ಅವನಿಗೆ ನೋಯುವುದಿಲ್ಲವಾ ಎಂದು,
ನಾನು ನಿದ್ದೆ ಬಂದವಳ ಹಾಗೆ ಮಲಗಿದ್ದೆ.

ಎಲ್ಲಿ, ಕಾಲು ಕೊಡು ಇಲ್ಲಿ, ದೀಪದ ಹತ್ತಿರ.
ರಾತ್ರಿ ಹೊತ್ತು ಉಗುರು ತೆಗೆಯಬಾರದು ಅನ್ನುತ್ತಾರೆ.
ಅನ್ನಲಿ.
ಉದ್ದ ಬೆಳೆದಿವೆ.